ಮರದ ಮೇಡಂ ಮತ್ತು ಹನ್ನೊಂದು ಡಬ್ಬಿ

ಅವರು ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರ ಬಗ್ಗೆ ಹೀಗೆ ಬರೆಯಲು ಕೂತರೆ ಓದುವವರು ಮೊದಲು ಹುಡುಕುವುದು ಸತ್ತ ತಾರೀಖನ್ನೇ. ಅವರು ಚೆನ್ನಾಗಿದ್ದಾರೆ, ಈಗಲೂ ನನ್ನ ಮೇಜಿನ ಆಚೆ ಕೂತು ಮಸೂರದಲ್ಲಿ ಕಣ್ಣು ನೆಟ್ಟಿದ್ದಾರೆ. ಆದರೆ ನಾನು ಇಷ್ಟು ವರ್ಷ ನೋಡಿದ ಮನುಷ್ಯ ಅವರಲ್ಲಿ ಅರ್ಧಕ್ಕರ್ಧ ಉಳಿದಿಲ್ಲ.

ನಮ್ಮ ಸಂಗ್ರಹಾಲಯದಲ್ಲಿ ಅವರನ್ನು ಮರದ ಮೇಡಂ ಎನ್ನುತ್ತೇವೆ. ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರ ತನಕ ಎಲ್ಲರ ಬಾಯಲ್ಲೂ ಅದೇ. ಈ ಹೆಸರು ಕೇಳಿದ ಅಕ್ಕಪಕ್ಕದ ಮನೆಯವರು ಅವರನ್ನು ತೋಟಗಾರಿಕೆಯವರೆಂದೇ ನಂಬಿಬಿಟ್ಟಿದ್ದಾರೆ. ರಜೆಯ ದಿನ ಬಾಡಿದ ಗುಲಾಬಿ ಕುಂಡ ಹಿಡಿದು ಬಾಗಿಲು ತಟ್ಟುವವರಿಗೆ ಅವರು ಒಮ್ಮೆಯೂ ನಿಜ ಹೇಳಿದವರಲ್ಲ. "ನೀರು ಜಾಸ್ತಿ ಆಗಿದೆ, ಸ್ವಲ್ಪ ಕಡಿಮೆ ಹಾಕಿ" ಎಂದು ಗಂಭೀರವಾಗಿ ಹೇಳಿ ಕಳಿಸುತ್ತಾರೆ. "ಅಷ್ಟು ಹೇಳಿದ್ರೆ ಮುಕ್ಕಾಲು ಪಾಲು ಸರಿ ಹೋಗುತ್ತೆ ಮೀನಣ್ಣ" ಎಂದು ಮರುದಿನ ನನ್ನ ಹತ್ತಿರ ನಗುತ್ತಿದ್ದರು. ಮೀನಣ್ಣ ಎಂದರೆ ನಾನು. ಮೀನು ವಿಭಾಗದವನು, ಸ್ಪಿರಿಟ್ ಜಾಡಿಗಳ ಕಾವಲುಗಾರ. ಬೆನ್ನೆಲುಬಿಲ್ಲದ ಪ್ರಾಣಿಗಳ ಬಗ್ಗೆ ನನಗೆ ಗೌರವ ಕಡಿಮೆ. ಅದನ್ನು ನಾನು ಮುಚ್ಚಿಟ್ಟವನೂ ಅಲ್ಲ. ಅವರ ಮೇಜಿಗೂ ನನ್ನ ಮೇಜಿಗೂ ನಡುವೆ ಒಂದು ಕಬ್ಬಿಣದ ಬೀರು ಇತ್ತು, ಅದರ ಮೇಲೆ ಯಾರೂ ತೆರೆಯದ ಒಂದು ಛತ್ರಿ ಇತ್ತು, ಅಷ್ಟೇ ನಮ್ಮ ಗಡಿ.

ಅವರ ಮರ ಬೇರೆ ತರಹದ್ದು. ಸುಣ್ಣಕಲ್ಲಿನ ಗುಡ್ಡಗಳಲ್ಲಿ ಸಿಗುವ ಪುಟ್ಟ ಬಸವನಹುಳುಗಳ ವಂಶದ ಮರ. ಸಾಸಿವೆಗಿಂತ ದೊಡ್ಡದು, ಬಟಾಣಿಗಿಂತ ಚಿಕ್ಕದು, ಅಂಥ ಹುಳುಗಳು. ಜೀವ ಇರುವ ಹುಳುವಿನ ಪಾದದಿಂದ ಎಳ್ಳಿನಷ್ಟು ಮಾಂಸ ತೆಗೆದು ಯಂತ್ರಕ್ಕೆ ಕೊಟ್ಟರೆ ಅದು ಒಳಗಿನ ವಂಶವಾಹಿಯ ಅಕ್ಷರಗಳನ್ನು ಓದುತ್ತದೆ. ಎರಡು ಪ್ರಭೇದಗಳ ಅಕ್ಷರಗಳಲ್ಲಿ ವ್ಯತ್ಯಾಸ ಕಡಿಮೆ ಇದ್ದರೆ ಅವು ಹತ್ತಿರದ ನೆಂಟರು, ಜಾಸ್ತಿ ಇದ್ದರೆ ದೂರದವರು. ಹಾಗೆ ಜೋಡಿಸುತ್ತ ಹೋದರೆ ಒಂದು ಮರವಾಗುತ್ತದೆ. ಪ್ರತಿಯೊಂದು ಕವಲೂ ಒಂದು ಪ್ರಭೇದ ಎರಡಾದ ಜಾಗ. ತುದಿಗಳಲ್ಲಿ ಇರುವವು ಇವತ್ತು ಬದುಕಿರುವವು. ಕವಲುಗಳ ನಡುವಿನ ಅಂತರವೇ ಕಾಲ. ಇಷ್ಟನ್ನು ನನ್ನಂಥ ಮೀನಿನವನ ತಲೆಗೂ ಹತ್ತಿಸಿದವರು ಅವರೇ.

ಮಾಂಸ ಬೇಕಾದದ್ದರಿಂದ ಸತ್ತದ್ದಕ್ಕೆ ಅವರ ಮೇಜಿನಲ್ಲಿ ಜಾಗ ಇರಲಿಲ್ಲ. ಗುಡ್ಡದಿಂದ ಮೂಟೆಯಲ್ಲಿ ಬಂದ ಮಣ್ಣನ್ನು ಅಗಲ ಬೋಗುಣಿಗೆ ಹಾಕಿ ನೀರು ಸುರಿಯುತ್ತಿದ್ದರು. ಖಾಲಿ ಚಿಪ್ಪುಗಳು ತೇಲುತ್ತವೆ, ಒಳಗೆ ಹುಳು ಇರುವಂಥವು ಮುಳುಗುತ್ತವೆ. ತೇಲಿದ್ದನ್ನು ಬಗ್ಗಿಸಿ ತೊಟ್ಟಿಯ ಕಿಂಡಿಗೆ ಚೆಲ್ಲು, ಮುಳುಗಿದ್ದನ್ನು ಎತ್ತಿಡು. ಅವರಿಗಿಂತ ಮುಂಚಿನವರು ಹಾಗೆ ಮಾಡುತ್ತಿದ್ದರು, ಅವರೂ ಹಾಗೇ ಮಾಡಿದರು, ಅವರ ಕೈಕೆಳಗೆ ಕಲಿತು ಹೋದವರೂ ಬೇರೆ ಊರುಗಳಲ್ಲಿ ಹಾಗೇ ಮಾಡುತ್ತಿರಬೇಕು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮರ ತಯಾರಾದ ಮೇಲೆ ಕಂಪ್ಯೂಟರಿಗೆ ಕೊಡುವುದು. ಕವಲುಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ಅಳೆದು ಅದು ಎರಡು ಸಂಖ್ಯೆ ಕೊಡುತ್ತದೆ. ಹೊಸ ಪ್ರಭೇದ ಎಷ್ಟು ಬೇಗ ಹುಟ್ಟುತ್ತದೆ ಎಂಬುದು ಒಂದು, ಎಷ್ಟು ಬೇಗ ಅಳಿಯುತ್ತದೆ ಎಂಬುದು ಇನ್ನೊಂದು. ಸತ್ತವರು ಒಬ್ಬರೂ ಇಲ್ಲದ ಮರದಿಂದ ಸಾವಿನ ಲೆಕ್ಕ ತೆಗೆಯುವುದು ಹೇಗೆ ಎಂದು ನಾನು ಕೇಳಿದ್ದೆ. ಅವರ ಗಂಡ ಲಿಫ್ಟ್ ಮೆಕ್ಯಾನಿಕ್, ಮಾತಿನಲ್ಲಿ ಗಟ್ಟಿ ಆಸಾಮಿ. ಆತನೂ ಅದನ್ನೇ ಕೇಳಿದ್ದನಂತೆ.

"ನಮ್ಮನೆಯವರು ಏನಂದ್ರು ಗೊತ್ತಾ ಮೀನಣ್ಣ? ಲಿಫ್ಟಿಂದ ಕೆಳಗೆ ಇಳಿದು ಬಂದವರನ್ನ ಮಾತ್ರ ನಿಲ್ಲಿಸಿ ಕೇಳ್ತಿ, ಲಿಫ್ಟ್ ಬೀಳುತ್ತಾ ಅಂತ. ಎಲ್ಲಾರೂ ಇಲ್ಲ ಅಂತಾರೆ. ಹಾಗಾಯ್ತು ನಿನ್ನ ಲೆಕ್ಕ, ಅಂದ್ರು."

"ನೀವೇನಂದ್ರಿ?"

"ಅದು ನಮ್ಮೆಲ್ಲರಿಗೂ ಗೊತ್ತಿರೋದೇ, ಪ್ರಬಂಧದ ಕೊನೇಲಿ ಒಂದು ಸಾಲು ಬರೀತೀವಿ ಅಂದೆ."

ಆ ಒಂದು ಸಾಲನ್ನು ಯಾರೂ ಓದುವುದಿಲ್ಲ. ನಾನೂ ನನ್ನ ಮೀನಿನ ವರದಿಗಳಲ್ಲಿ ಅಂಥ ಸಾಲುಗಳನ್ನು ಬೇಕಾದಷ್ಟು ಬರೆದಿದ್ದೇನೆ.

ಅವರಿಗೆ ಸಣ್ಣದೊಂದು ಹೆಸರು ತಂದುಕೊಟ್ಟದ್ದು ಹಲ್ಲಿನ ಗುಂಪು. ಆ ಹುಳುಗಳ ಚಿಪ್ಪಿನ ಬಾಯಿಯೊಳಗೆ ಪುಟ್ಟ ಬಿಳಿ ಉಬ್ಬುಗಳಿರುತ್ತವೆ. ನೋಡಿದರೆ ಹಾಲುಹಲ್ಲು ಬಂದ ಹಾಗೆ. ಒಂದೊಂದು ಪ್ರಭೇದಕ್ಕೆ ಹಲ್ಲಿನ ಸಾಲು ಒಂದೊಂದು ತರಹ. ಮರದಲ್ಲಿ ಉಳಿದ ಪ್ರಭೇದಗಳೆಲ್ಲ ಒಂಟಿ ಉದ್ದ ಕೊಂಬೆಗಳ ತುದಿಯಲ್ಲಿ ಇದ್ದರೆ, ಹಲ್ಲಿನ ಗುಂಪು ಮಾತ್ರ ತುದಿಯಲ್ಲಿ ಪೊದೆಯ ಹಾಗೆ ಒತ್ತೊತ್ತಾಗಿ ಕವಲೊಡೆದಿತ್ತು. ಹುಟ್ಟಿನ ಸಂಖ್ಯೆ ಭಾರಿ ದೊಡ್ಡದು ಬಂತು, ಅಳಿವಿನದು ಗಮನಿಸಬೇಕಾಗಿಲ್ಲ ಎನ್ನುವಷ್ಟು ಚಿಕ್ಕದು. "ಈಗ ಏಳಿಗೆಯಲ್ಲಿರುವ, ತನ್ನನ್ನು ತಾನೇ ಬೇಗ ತುಂಬಿಕೊಳ್ಳಬಲ್ಲ ಗುಂಪು" ಎಂದು ಮೇಡಂ ಬರೆದರು. ಅಂದು ಅವರು ಎಲ್ಲರಿಗೂ ಟೀ ಕೊಡಿಸಿದರು. ನಾನೂ ಕುಡಿದೆ, ಬೆನ್ನೆಲುಬಿಲ್ಲದವರ ಟೀ ಸಪ್ಪೆ ಎಂದು ರೇಗಿಸಿದೆ.

ಏಳಿಗೆಯಲ್ಲಿರುವ ಗುಂಪಿನ ಗುಡ್ಡಗಳನ್ನು ಅಷ್ಟರಲ್ಲಿ ಒಂದೊಂದಾಗಿ ಸಿಮೆಂಟಿಗೆ ಒಡೆಯುತ್ತಿದ್ದರು. ಒಂದು ಗುಡ್ಡದ ಹುಳು ಇನ್ನೊಂದು ಗುಡ್ಡದಲ್ಲಿ ಇರುವುದಿಲ್ಲ. ಅದರ ಪ್ರಪಂಚವೇ ಅಷ್ಟು. ಗುಡ್ಡ ಹೋಗುವ ಮುಂಚೆ ಮೇಡಂ ಓಡಿ ಹೋಗಿ ಸಿಕ್ಕಿದಷ್ಟು ಹುಳುಗಳನ್ನು ತಂದು ಸಾಕತೊಡಗಿದರು. ನಮ್ಮ ಕಟ್ಟಡದ ಹಿಂಭಾಗದಲ್ಲಿ ಎರಡು ತಂಪು ಕೋಣೆಗಳಿದ್ದವು. ಗೋಡೆಯುದ್ದ ಹಲಗೆ, ಹಲಗೆಯ ಮೇಲೆ ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿದ ಪ್ಲಾಸ್ಟಿಕ್ ಡಬ್ಬಿಗಳು. ಪ್ರತಿ ಡಬ್ಬಿಯಲ್ಲಿ ಒದ್ದೆ ಕಾಗದ, ಸುಣ್ಣಕಲ್ಲಿನ ಚೂರು, ಸೌತೆಕಾಯಿಯ ತೆಳು ಹೋಳು. ಬೆಳಿಗ್ಗೆ ಬಂದವರೇ ಕೈಚೀಲ ಕೆಳಗಿಡದೆ ನೇರ ಅಲ್ಲಿಗೆ ಹೋಗುತ್ತಿದ್ದರು. ಹಲ್ಲಿನ ಗುಂಪಿನವು ಹನ್ನೊಂದು ಡಬ್ಬಿ, ಹನ್ನೊಂದು ಪ್ರಭೇದ. ಅವುಗಳಲ್ಲಿ ಯಾವುದಕ್ಕೂ ಹೊರಗೆ ಗುಡ್ಡ ಉಳಿದಿರಲಿಲ್ಲ.

ಆಮೇಲೆ ಎರಡನೆಯ ಕೋಣೆಯ ತಂಪು ಯಂತ್ರ ಕೈಕೊಟ್ಟಿತು. ರಿಪೇರಿಯವರು ಬಂದು ಬಿಚ್ಚಿ ನೋಡಿ, ಇದರ ಬಿಡಿಭಾಗ ಮಾಡುವುದನ್ನೇ ನಿಲ್ಲಿಸಿದ್ದಾರೆ ಎಂದು ಕೈಚೆಲ್ಲಿದರು. ಹೊಸದು ಮಂಜೂರಾಗಲಿಲ್ಲ. ಚಳಿಗಾಲ ಇದ್ದದ್ದರಿಂದ ಅಷ್ಟರ ಮಟ್ಟಿಗೆ ಉಸಿರಾಡಿದೆವು. ಬೇಸಿಗೆ ಬರುವಷ್ಟರಲ್ಲಿ ಎಲ್ಲವನ್ನೂ ಒಂದೇ ಕೋಣೆಗೆ ಇಳಿಸಬೇಕು, ಆ ಕೋಣೆಯಲ್ಲಿ ಅಷ್ಟು ಜಾಗ ಇಲ್ಲ, ನನ್ನ ಮೀನಿನ ಮೊಟ್ಟೆಗಳೂ ಅಲ್ಲೇ ಇದ್ದವು. ನಿರ್ದೇಶಕರು ಸಭೆ ಕರೆದರು. ಆತ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನಾನು ಇದನ್ನು ಇನ್ನಷ್ಟು ಸುಲಭವಾಗಿ ಬರೆಯುತ್ತಿದ್ದೆ.

"ನಾವು ಮನಸ್ಸಿಗೆ ಬಂದ ಹಾಗೆ ಆರಿಸೋದು ಬೇಡ ಮೇಡಂ. ನಿಮ್ಮ ಮರಾನೇ ಮುಂದಿಟ್ಕೊಂಡು ಆರಿಸೋಣ" ಎಂದರು ನಿರ್ದೇಶಕರು. ಉದ್ದ ಒಂಟಿ ಕೊಂಬೆಯ ತುದಿಯಲ್ಲಿರುವ ಹುಳು ಹೋದರೆ ಅದರ ಜೊತೆ ಅಷ್ಟು ಹಳೆಯ ವಂಶವೇ ಹೋಗುತ್ತದೆ, ಅದನ್ನು ಉಳಿಸಬೇಕು. ಪೊದೆಯಲ್ಲಿ ಇರುವವು ಈಚಿನವು, ಬೇಗ ಹುಟ್ಟುವಂಥವು. "ತಮ್ಮನ್ನು ತಾವೇ ತುಂಬಿಕೊಳ್ತವೆ ಅಂತ ನೀವೇ ಬರೆದಿದ್ದೀರಲ್ಲ. ಬಿಟ್ಟರೂ ಅಷ್ಟು ನಷ್ಟ ಇಲ್ಲ." ಮೇಡಂ ತಲೆ ತಗ್ಗಿಸಿ ಹೂಂ ಎಂದರು. ಅವರ ಮಾತನ್ನೇ ಅವರ ಮುಂದೆ ಇಟ್ಟಾಗ ಇನ್ನೇನು ಎನ್ನಲಾದೀತು? ಬೇಸಿಗೆ ಶುರುವಾದ ದಿನ ಹನ್ನೊಂದು ಡಬ್ಬಿಗಳನ್ನು ಕೈಬಿಡುವುದೆಂದು ತೀರ್ಮಾನವಾಯಿತು. ಅದು ದುಡುಕಿನ ತೀರ್ಮಾನ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಚಳಿ ಕಳೆಯುವ ಮುಂಚೆ ನಮ್ಮ ಮೋರಿ ಕಟ್ಟಿಕೊಂಡಿತು. ಕೊಳಕು ನೀರು ನನ್ನ ಮೀನಿನ ಕಪಾಟುಗಳ ಕಾಲು ಮುಟ್ಟಿದಾಗ ನಾನು ಮಾಡಿದ ರಂಪಕ್ಕೆ ಅದೇ ದಿನ ಕೊಳಾಯಿಯವನು ಬಂದ. ಹಿಂದಿನ ಅಂಗಳದಲ್ಲಿ ಕಲ್ಲು ಎಬ್ಬಿಸಿ, ಸಲಿಕೆಯಲ್ಲಿ ಎತ್ತಿ ಎತ್ತಿ ರಾಶಿ ಹಾಕಿದ. "ಏನ್ ಸಾರ್ ಇದು, ಮರಳು ತಿಂತೀರಾ ನೀವು?" ಎಂದು ಬಯ್ದ. ಮರಳಲ್ಲ ಅದು. ಒಣಗಿದ ಮೇಲೆ ನೋಡಿದರೆ ಬೆಳ್ಳಗೆ ಚಿಪ್ಪು. ವರ್ಷಾನುಗಟ್ಟಲೆ ಬೋಗುಣಿಯಿಂದ ಚೆಲ್ಲಿದ ತೇಲುಚಿಪ್ಪುಗಳೆಲ್ಲ ಮೋರಿಯ ತಿರುವಿನಲ್ಲಿ ಗಟ್ಟಿ ಕೂತಿದ್ದವು. ಮೇಡಂ ಮೂಗಿಗೆ ಸೆರಗು ಹಿಡಿದುಕೊಂಡು ಬಂದು ಒಂದು ಹಿಡಿ ಎತ್ತಿಕೊಂಡರು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಊಟದ ಹೊತ್ತಿಗೂ ಏಳಲಿಲ್ಲ.

ಸಂಜೆ ನಾನು ಮನೆಗೆ ಹೊರಟಾಗ ಅವರ ಮುಂದೆ ಕಾಗದದ ಮೇಲೆ ಚಿಪ್ಪುಗಳ ಸಾಲಿತ್ತು. ಎಲ್ಲವೂ ಹಲ್ಲಿನವು. ಎರಡು ಹಲ್ಲಿನವು, ಐದು ಹಲ್ಲಿನವು, ಓರೆ ಹಲ್ಲಿನವು, ಒಂದರ ಹಿಂದೆ ಒಂದು ಹಲ್ಲಿರುವಂಥವು. ಡಬ್ಬಿಗಳಲ್ಲಿದ್ದ ಹನ್ನೊಂದಕ್ಕೆ ಹೊಂದುವಂಥವು ಅಲ್ಲಲ್ಲಿ. ಉಳಿದವಕ್ಕೆ ಹೊಂದುವ ಜೀವ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ.

"ಎಷ್ಟು ತರಹ?" ಎಂದೆ.

"ಎಣಿಸೋದು ನಿಲ್ಲಿಸಿದೆ." ಮತ್ತೊಂದು ಚಿಪ್ಪನ್ನು ಸಾಲಿಗೆ ಇಟ್ಟರು. "ಮೀನಣ್ಣ, ನಾನು ನೋಡಿದ್ದು ಏಳಿಗೆ ಅಲ್ಲ. ಇವು ಯಾವಾಗಲೂ ಹೀಗೇ ರಾಶಿ ರಾಶಿ ಹುಟ್ತಾ, ರಾಶಿ ರಾಶಿ ಸಾಯ್ತಾ ಇದ್ದವು. ಹಿಂದೆ ಸತ್ತವು ಮರದಲ್ಲಿ ಇಲ್ಲ, ಅದಕ್ಕೇ ಹಿಂದೆ ಖಾಲಿ ಕಾಣುತ್ತೆ. ಈಚೆಗೆ ಹುಟ್ಟಿದವಕ್ಕೆ ಸಾಯೋಕೆ ಇನ್ನೂ ಪುರುಸೊತ್ತಾಗಿಲ್ಲ, ಅದಕ್ಕೇ ತುದೀಲಿ ಪೊದೆ ಕಾಣುತ್ತೆ. ಅಷ್ಟೇ. ಅದನ್ನ ನೋಡಿ ನಾನು ಇವು ಬೇಗ ತುಂಬಿಕೊಳ್ತವೆ ಅಂತ ಬರೆದೆ. ಇವು ಗಟ್ಟಿ ಪಿಂಡಗಳಲ್ಲ. ಎಲ್ಲಕ್ಕಿಂತ ಬೇಗ ಹೋಗೋವು ಇವೇ."

ಅಷ್ಟು ಹೇಳಿ ಅವರು ಅತ್ತರು. ನಾನು ಏನು ಮಾಡಬೇಕೋ ತಿಳಿಯದೆ ಕೊಳಾಯಿಯವನನ್ನು ಬಯ್ಯುತ್ತ ನಿಂತಿದ್ದೆ, ಪಾಪ, ಆತ ಆಗಲೇ ಹೋಗಿಯಾಗಿತ್ತು.

ಮರುದಿನ ಮೇಡಂ ಒಂದು ತಟ್ಟೆ ಚಿಪ್ಪು ಹಿಡಿದು ನಿರ್ದೇಶಕರ ಕೋಣೆಗೆ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ನಿರ್ದೇಶಕರು ಮಸೂರ ಹಿಡಿದು ನಿಜವಾದ ಆಸಕ್ತಿಯಿಂದಲೇ ನೋಡಿದರು.

"ಚೆನ್ನಾಗಿವೆ. ಯಾವ ಗುಡ್ಡದವು ಇವು?"

"ಎಲ್ಲಾ ಗುಡ್ಡದ್ದೂ ಸೇರಿದೆ ಸಾರ್. ಮೋರೀಲಿ ಸಿಕ್ಕಿದ್ದು."

"ಯಾವ ಪದರ? ಯಾವ ಕಾಲದ್ದು?"

ಮೇಡಂ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಎಲ್ಲಿ ಸಿಕ್ಕಿತು ಎಂಬ ಚೀಟಿ ಇಲ್ಲದ ಚಿಪ್ಪು ನಮ್ಮಲ್ಲಿ ಕಸಕ್ಕೆ ಸಮ. ಹೊಸದಾಗಿ ಬಂದವರಿಗೆ ಮೊದಲ ದಿನವೇ ಅದನ್ನು ತಲೆಗೆ ಮೊಟಕಿ ಕಲಿಸುತ್ತಿದ್ದವರು ಅವರೇ. ಅಲ್ಲಿದ್ದ ಸಾವಿರಾರು ಸತ್ತ ಹುಳುಗಳು ಸಾಕ್ಷಿ ಹೇಳಲು ಬಂದರೂ ವಿಳಾಸ ಇಲ್ಲದ್ದಕ್ಕೆ ಒಳಗೆ ಬಿಡಲು ಬರುವಂತಿರಲಿಲ್ಲ. "ಇದರ ಮೇಲೆ ನಾನು ಸಭೇಲಿ ಏನೂ ಹೇಳೋಕಾಗಲ್ಲ ಮೇಡಂ, ನಿಮಗೇ ಗೊತ್ತಲ್ಲ" ಎಂದರು ನಿರ್ದೇಶಕರು. ಗೊತ್ತಿತ್ತು.

ಹಾಗಾದರೆ ಚೀಟಿ ಇರುವ ಚಿಪ್ಪು ತರಬೇಕು. ಆ ಹನ್ನೊಂದರಲ್ಲಿ ಯಾವುದರ ಮನೆಯೂ ಅಲ್ಲದ, ಇನ್ನೂ ಪೂರ್ತಿ ಒಡೆಯದ ಗುಡ್ಡ ಒಂದೇ ಉಳಿದಿತ್ತು. ಅಲ್ಲಿಗೆ ಹೊರಟರು. ಮೂಟೆ ಹೊರಲು ಯಾರಾದರೂ ಬೇಕೆಂದು ನಾನೂ ಹೊರಟೆ. ಬೆನ್ನುನೋವಿನವನು ನಾನು, ದಾರಿಯುದ್ದಕ್ಕೂ ಗೊಣಗುತ್ತಲೇ ಹೋದೆ. ಗುಡ್ಡದ ಒಂದು ಮಗ್ಗುಲು ಬ್ರೆಡ್ಡು ಕತ್ತರಿಸಿದ ಹಾಗೆ ನೆಟ್ಟಗೆ ಕಡಿದುಹೋಗಿತ್ತು. ಲಾರಿಗಳು ಎಬ್ಬಿಸಿದ ಬಿಳಿ ಹುಡಿ ಎಲೆಗಳ ಮೇಲೆಲ್ಲ ಕೂತಿತ್ತು. ಆಚೆ ಮಗ್ಗುಲಿನ ಬಂಡೆಯ ಕೆಳಗೆ ಮೇಡಂ ಅಂಗೈಯಗಲದ ಕರಣೆಯಲ್ಲಿ ಮಣ್ಣನ್ನು ಪದರ ಪದರವಾಗಿ ತೆಗೆದರು, ಪ್ರತಿ ಪದರವನ್ನು ಬೇರೆ ಚೀಲಕ್ಕೆ ತುಂಬಿದರು, ಪ್ರತಿ ಚೀಲಕ್ಕೂ ಚೀಟಿ ಬರೆದರು. ನಾನು ಕಲ್ಲುಗಳನ್ನು ಮಗುಚುತ್ತ ಬದುಕಿರುವ ಹುಳು ಹುಡುಕಿದೆ. ಮೂರು ದಿನ ಹುಡುಕಿದೆವು. ಹಲ್ಲಿನದು ಒಂದೂ ಇರಲಿಲ್ಲ. ಇಬ್ಬರಿಗೂ ತಿಳಿಯಿತು, ಇನ್ನು ಇರುವುದೆಲ್ಲ ಆ ಹನ್ನೊಂದು ಡಬ್ಬಿಗಳಲ್ಲಿ ಮಾತ್ರ.

ವಾಪಸು ಬಂದ ಮೇಲೆ ಮೇಡಂ ಬೋಗುಣಿಯಲ್ಲಿ ತೇಲಿದ್ದನ್ನು ಚಮಚದಲ್ಲಿ ಎತ್ತಿ, ಬಟ್ಟೆಯ ಮೇಲೆ ಹರವಿ ಒಣಗಿಸಿದರು. ಪದರದ ಮೇಲೆ ಪದರ, ಒಂದೊಂದರಲ್ಲೂ ಬೇರೆ ಬೇರೆ ಹಲ್ಲಿನ ಸಾಲು. ಮೇಲಿನ ಪದರದಲ್ಲಿ ಇದ್ದದ್ದು ಕೆಳಗಿಲ್ಲ, ಕೆಳಗೆ ಇದ್ದದ್ದು ಮೇಲಿಲ್ಲ. ಸತ್ತವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹುಟ್ಟಿನ ಸಂಖ್ಯೆಯ ಪಕ್ಕದಲ್ಲೇ, ಹೆಚ್ಚುಕಡಿಮೆ ಅದರಷ್ಟೇ ದೊಡ್ಡದಾಗಿ, ಅಳಿವಿನ ಸಂಖ್ಯೆಯೂ ಎದ್ದು ನಿಂತಿತು. ಮೇಡಂ ಅದನ್ನು ಅಚ್ಚುಕಟ್ಟಾಗಿ ಬರೆದು, ತಮ್ಮ ಹಳೆಯ ಪ್ರಬಂಧದ ಮಾತು ತಪ್ಪು ಎಂದು ಮೊದಲ ಸಾಲಿನಲ್ಲೇ ಹೇಳಿ, ಸಭೆಯ ಮುಂದಿಟ್ಟರು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಈಗ ಡಬ್ಬಿಗಳು ಉಳಿದವು ಎಂದೇ ನಾನು ಅಂದುಕೊಂಡಿದ್ದೆ. ಸಭೆಗೆ ಹೋಗುವ ಮುಂಚೆ ನನ್ನ ಮೀನಿನ ಮೊಟ್ಟೆಯ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಹಲಗೆಯಲ್ಲಿ ಸ್ವಲ್ಪ ಜಾಗವನ್ನೂ ಮಾಡಿದ್ದೆ.

ನಿರ್ದೇಶಕರು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಪ್ಪಿದೆ ಮೇಡಂ. ತುಂಬಾ ಒಳ್ಳೆ ಕೆಲಸ. ಇದು ಅಚ್ಚಾಗಬೇಕು."

"ಹಾಗಾದ್ರೆ ಡಬ್ಬಿಗಳು ಸಾರ್?"

"ನೋಡಿ, ಮೊದಲು ಏನು ಹೇಳಿದ್ರಿ? ಇವು ಬೇಗ ಹುಟ್ತವೆ ಅಂದ್ರಿ. ಹಾಗಾದ್ರೆ ಬಿಟ್ಟರೂ ನಡೆಯುತ್ತೆ ಅಂದ್ವಿ. ಈಗ ಇವು ಬೇಗ ಸಾಯ್ತವೆ ಅಂತಿದ್ದೀರಿ. ನಾವು ಇಟ್ಕೊಂಡ್ರೂ ಉಳಿಯೋವಲ್ಲ ಅಂತ ಆಯ್ತಲ್ಲ. ಇರೋದು ಒಂದು ಕೋಣೆ. ಉಳಿಯೋದಕ್ಕೆ ಕೊಡಲಾ, ಹೋಗೋದಕ್ಕೆ ಕೊಡಲಾ, ನೀವೇ ಹೇಳಿ."

"ಲಕ್ಷ ವರ್ಷದ ಲೆಕ್ಕ ಸಾರ್ ಅದು. ನಾಳೆ ಸಾಯ್ತವೆ ಅಂತಲ್ಲ ಅದರ ಅರ್ಥ" ಎಂದರು ಮೇಡಂ. ಅವರ ದನಿ ಏರಿತ್ತು. "ಗುಡ್ಡ ಒಡೆದಿದ್ದು ಮರ ಅಲ್ಲ, ನಾವು."

"ಗುಡ್ಡ ನನ್ನ ಕೈಯಲ್ಲಿಲ್ಲ. ಕೋಣೆ ಮಾತ್ರ ಇದೆ" ಎಂದರು ಅವರು. ಅದೂ ನಿಜವೇ. ಆ ಮಧ್ಯಾಹ್ನ ನಾನು ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಸಂಖ್ಯೆಗಳ ಮೇಲೇ ಮಾಡಿಕೊಂಡೆ. ಹೇಗೆ ಬಂದರೂ ಆ ಡಬ್ಬಿಗಳಿಗೆ ಬಾಗಿಲು ಮುಚ್ಚಿತ್ತು.

ನಿರ್ದೇಶಕರು ಒಂದು ದಯೆ ಮಾತ್ರ ತೋರಿಸಿದರು. ಬೇಕಾದರೆ ಮನೆಗೆ ಒಯ್ಯಿರಿ, ಬಸವನಹುಳು ಎಲ್ಲಿ ಎಂದು ಯಾರೂ ಕೇಳುವುದಿಲ್ಲ ಎಂದರು. ಬೇಸಿಗೆಯ ಮೊದಲ ವಾರ ಆ ಹನ್ನೊಂದು ಡಬ್ಬಿಗಳನ್ನು ತರಕಾರಿ ಬುಟ್ಟಿಯಲ್ಲಿಟ್ಟು ಒದ್ದೆ ಟವೆಲ್ ಮುಚ್ಚಿ ಬಸ್ಸಿನಲ್ಲಿ ಒಯ್ದೆವು. ಅವರದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಲಿಫ್ಟ್ ಮೆಕ್ಯಾನಿಕ್ಕಿನ ಮನೆಗೆ ಲಿಫ್ಟ್ ಇಲ್ಲ, ಆ ಜೋಕನ್ನು ಆತನೇ ಬಂದವರಿಗೆಲ್ಲ ಹೇಳುತ್ತಾನೆ. ಅಂದು ಹೇಳಲಿಲ್ಲ. ಹಳೆಯ ಫ್ರಿಜ್ಜೊಂದನ್ನು ಎಲ್ಲಿಂದಲೋ ಹೊತ್ತು ತಂದು, ಅತಿ ತಂಪಾಗದ ಹಾಗೆ ಅದಕ್ಕೆ ಲಿಫ್ಟಿನ ಸ್ವಿಚ್ಚು ಜೋಡಿಸಿ, ಬಚ್ಚಲುಮನೆಯ ಬಾಗಿಲ ಹತ್ತಿರ ನಿಲ್ಲಿಸಿದ್ದ.

ಮೇಡಂ ಅವರ ಅತ್ತೆ ಮಂಚದ ಮೇಲಿಂದಲೇ ಬುಟ್ಟಿ ನೋಡಿದರು. "ಏನಮ್ಮ ಅದು, ತಿನ್ನೋದಾ?"

"ಅಲ್ಲ ಅತ್ತೆ. ಸಾಕೋದು."

"ಎಲ್ಲಾರ ಮನೇಲಿ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಮ್ಮ ಸೊಸೆಗೆ ಬುದ್ಧಿ ನೋಡಪ್ಪ" ಎಂದು ನನ್ನ ಕಡೆ ತಿರುಗಿ ಮೂಗು ಮುರಿದರು. ಆದರೆ ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಅವರೊಬ್ಬರೇ. ಒಂದು ವಾರ ಕಳೆಯುವಷ್ಟರಲ್ಲಿ ಡಬ್ಬಿಯ ಕಾಗದ ಒಣಗಿದೆಯೇ ಎಂದು ಮುಟ್ಟಿ ನೋಡುವುದು, ಸೌತೆಕಾಯಿ ಹೆಚ್ಚುವುದು ಅವರ ಕೆಲಸವಾಯಿತು. ಹುಳು ತಲೆ ಹೊರಗೆ ಹಾಕಿದರೆ ಸೊಸೆಗೆ ಫೋನ್ ಮಾಡುತ್ತಿದ್ದರು. "ಮೂರನೇದು ಎದ್ದಿದೆ, ತಿಂತಾ ಇದೆ" ಎಂಬ ಸುದ್ದಿ ಕಚೇರಿಗೆ ಬರುತ್ತಿತ್ತು. ಮೇಡಂ ಫೋನ್ ಇಟ್ಟು ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಆ ಕೆಲವು ವಾರಗಳಲ್ಲಿ ಅವರು ಮತ್ತೆ ಸ್ವಲ್ಪ ನಕ್ಕರು.

ಆಮೇಲೆ ಸೆಕೆ ಏರಿತು, ಕರೆಂಟು ಹೋಗಿ ಬರತೊಡಗಿತು. ಫ್ರಿಜ್ಜು ಒಮ್ಮೆ ಹೆಪ್ಪುಗಟ್ಟಿಸುವಷ್ಟು ತಂಪು, ಒಮ್ಮೆ ಬೆಚ್ಚಗೆ. ಎಲ್ಲಕ್ಕಿಂತ ಚಿಕ್ಕ ಹುಳುಗಳ ಡಬ್ಬಿ ಮೊದಲು ಹೋಯಿತು. ಮೆಕ್ಯಾನಿಕ್ ರಾತ್ರಿ ಪಾಳಿ ಬಿಟ್ಟು ಮನೆಯಲ್ಲೇ ಕೂತು ಮಂಜುಗಡ್ಡೆ ತಂದು ತುಂಬಿದ. ಉಪಯೋಗವಾಗಲಿಲ್ಲ. ಬಸವನಹುಳು ಸಾಯುವುದು ಗೊತ್ತೇ ಆಗುವುದಿಲ್ಲ. ಒಳಗೆ ಸರಿದುಕೊಳ್ಳುತ್ತದೆ, ಮಲಗಿದೆ ಎಂದುಕೊಳ್ಳುತ್ತೀರಿ, ನಾಲ್ಕು ದಿನ ಬಿಟ್ಟು ವಾಸನೆ ಬರುತ್ತದೆ. ಅತ್ತೆ ಫೋನ್ ಮಾಡುವುದನ್ನು ನಿಲ್ಲಿಸಿದರು. ಮಳೆಗಾಲದ ಮುಂಚೆ ಒಂದೇ ಒಂದು ಡಬ್ಬಿ ಉಳಿದಿತ್ತು, ಅದರಲ್ಲಿ ಎರಡು ಹುಳು. ಮೋಡ ಕವಿದ ಒಂದು ಬೆಳಿಗ್ಗೆ ಮೇಡಂ ಬಂದವರೇ ಕುರ್ಚಿ ಎಳೆದುಕೊಂಡು ಕೂತರು. "ಮುಗೀತು ಮೀನಣ್ಣ" ಎಂದರು. ಬೆನ್ನೆಲುಬಿಲ್ಲದ ಆ ಹುಳುಗಳಿಗಾಗಿ ನಾನು ಅಂದು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಳೆ ಹಿಡಿದ ಮೇಲೆ ವಾರ್ಷಿಕ ವರದಿಯ ಕೆಲಸ ಬಂತು. ಅದರಲ್ಲಿ ಪ್ರತಿ ವಿಭಾಗವೂ ಬದುಕಿರುವ ಪ್ರಭೇದಗಳ ಮರವನ್ನು ಹೊಸದು ಮಾಡಿ ಕೊಡಬೇಕು. ಈಗ ಬದುಕಿರುವವು ಮಾತ್ರ ಅದರಲ್ಲಿರಬೇಕು, ಇಲ್ಲದವನ್ನು ತೆಗೆಯಬೇಕು. ಮೇಡಂ ವಾದ ಮಾಡಲಿಲ್ಲ. ಅಗೆದು ತಂದ ಚಿಪ್ಪುಗಳ ಕುರಿತ ಪ್ರಬಂಧ ಎಲ್ಲೋ ಒಂದು ಕಡೆ ಅಚ್ಚಿಗೆ ಕಾಯುತ್ತಿತ್ತು, ವರದಿಯ ಮರಕ್ಕೆ ಅದರ ಗೊಡವೆ ಇರಲಿಲ್ಲ. ಅವರು ಕಂಪ್ಯೂಟರಿನ ಮುಂದೆ ಕೂತು ಹಲ್ಲಿನ ಗುಂಪಿನ ತುದಿಗಳನ್ನು ಒಂದೊಂದಾಗಿ ಅಳಿಸಿದರು. ಒಂದೊಂದು ಅಳಿಸಿದಾಗಲೂ ಪರದೆಯ ಮೇಲೆ ಮರ ತನ್ನಷ್ಟಕ್ಕೆ ಜೋಡಿಸಿಕೊಂಡು ನೆಟ್ಟಗಾಗುತ್ತಿತ್ತು. ಹನ್ನೊಂದನ್ನೂ ಅಳಿಸಿದ ಮೇಲೆ ಅಲ್ಲಿ ಒಂದು ಕಾಲಕ್ಕೆ ಪೊದೆ ಇತ್ತು ಎನ್ನುವುದಕ್ಕೆ ಒಂದು ಗುರುತೂ ಉಳಿಯಲಿಲ್ಲ. ಉದ್ದ ಒಂಟಿ ಕೊಂಬೆಗಳು ಮಾತ್ರ, ನೋಡಲು ಬಹಳ ಶಾಂತ.

ಲೆಕ್ಕಕ್ಕೆ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬೀರುವಿನ ಈಚೆಗೆ ಬಂದು ನನ್ನ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಪರದೆಯ ಮೇಲೆ ಎರಡು ಸಾಲಿತ್ತು. ಹುಟ್ಟು: ನಿಧಾನ, ಸ್ಥಿರ. ಅದರ ಕೆಳಗೆ, ಅಳಿವು: ಸೊನ್ನೆ.

"ಸತ್ತವು ಮರದಲ್ಲಿಲ್ಲ, ಈಚಿನ ಕವಲು ಒಂದೂ ಇಲ್ವಲ್ಲ, ಅದಕ್ಕೆ ಹಾಗೆ ತೋರಿಸುತ್ತೆ" ಎಂದರು ಮೇಡಂ, ಯಾರಿಗೋ ಪಾಠ ಹೇಳುವವರ ಹಾಗೆ. ಆಮೇಲೆ ನನ್ನ ಮುಖ ನೋಡಿದರು. "ಹನ್ನೊಂದನ್ನೂ ನಾನೇ ಸಾಕಿ, ನಾನೇ ಸಾಯಿಸಿ, ನಾನೇ ಅಳಿಸಿದೀನಿ ಮೀನಣ್ಣ. ಇಲ್ಲಿ ಯಾರೂ ಸತ್ತೇ ಇಲ್ಲ ಅಂತಿದೆ ಇದು."

ನಿರ್ದೇಶಕರ ಕೋಣೆಯಿಂದ ವರದಿ ಕೇಳಿ ಎರಡು ಸಲ ಫೋನ್ ಬಂದಿತ್ತು. ಮೇಡಂ ಆ ಎರಡು ಸಾಲನ್ನು ಹಾಗೆಯೇ ಅಚ್ಚು ತೆಗೆದು, ಸಹಿ ಹಾಕಿ ಕೊಟ್ಟು ಬಂದರು.